ಆಷಾಢದಲ್ಲಿ ಬಂದ ವಿಚಾರಣೆ

ಜುಲೈ ಎಂಟು, ಮಂಗಳವಾರ, ಬೆಳಿಗ್ಗೆ ಒಂಬತ್ತು ಗಂಟೆ. ಚನ್ನಗಿರಿಯ ಮನೆ. ಹಾಜರಿದ್ದವರು: ನಾನು, ತೀರಿಕೊಂಡ ನನ್ನ ತಮ್ಮನ ಹೆಂಡತಿ, ಅವಳ ಮಗ. ಹಾಜರಿರಬೇಕಾಗಿದ್ದು ಇರದೆ ಹೋದವಳು: ಆ ಮಗನ ಹೆಂಡತಿ.

ಹೀಗೆ ಬರೆಯುವುದು ನನಗೆ ನರ್ಸಿಂಗ್ ಶಾಲೆಯಲ್ಲಿ ಬಿದ್ದ ಅಭ್ಯಾಸ. ವಾರ್ಡಿನಲ್ಲಿ ಡ್ಯೂಟಿ ಬದಲಾಗುವಾಗ ಮೊದಲು ತಾರೀಖು, ಆಮೇಲೆ ಗಂಟೆ, ಆಮೇಲೆ ಯಾರು ಇದ್ದರು, ಯಾರು ಇರಲಿಲ್ಲ. ಅಭಿಪ್ರಾಯವನ್ನು ಯಾರೂ ಕೇಳುತ್ತಿರಲಿಲ್ಲ. ಹೊನ್ನಾಳಿಯ ಆಸ್ಪತ್ರೆಯಿಂದ ನಿವೃತ್ತಳಾಗಿ ನ್ಯಾಮತಿಯಲ್ಲಿ ಮನೆ ಮಾಡಿದ ಮೇಲೂ ನನ್ನ ದಿನ ಹಾಗೆಯೇ ನಡೆಯುತ್ತದೆ. ಆದರೆ ಆ ಮಂಗಳವಾರದ ಬಗ್ಗೆ ನನಗೆ ಅಭಿಪ್ರಾಯವೂ ಇದೆ. ಅದನ್ನೂ ಬರೆಯುತ್ತೇನೆ.

ಅಂದು ಹನ್ನೊಂದು ಗಂಟೆಗೆ ಠಾಣೆಯಿಂದ ಪೊಲೀಸರು ಆ ಮನೆಗೆ ಬರುವವರಿದ್ದರು. ನನ್ನ ಸೋದರಳಿಯನ ಹೆಂಡತಿ ಟಾಂಜಾನಿಯಾದವಳು. ಅವನು ಬೋರ್‌ವೆಲ್ ಕೊರೆಯುವ ಗಾಡಿಯ ಜೊತೆ ಆ ದೇಶಕ್ಕೆ ಹೋಗಿದ್ದ. ಗಾಡಿಗೆ ಡೀಸೆಲ್ ತುಂಬಿಸುತ್ತಿದ್ದ ಬಂಕಿನಲ್ಲಿ ಅವಳು ಬಿಲ್ ಬರೆಯುತ್ತಿದ್ದಳು. ಅವಳು ಪ್ರವಾಸಿ ವೀಸಾದಲ್ಲಿ ಇಲ್ಲಿಗೆ ಬಂದು, ಇಲ್ಲೇ ಮದುವೆಯಾಗಿ, ಮದುವೆಯ ನೋಂದಣಿಯೂ ಆಗಿತ್ತು. ಭಾರತೀಯನ ಹೆಂಡತಿ ಎಂಬ ಆಧಾರದ ಮೇಲೆ ಇಲ್ಲೇ ಉಳಿಯುವಂತೆ ವೀಸಾ ಬದಲಿಸಿಕೊಡಿ ಎಂದು ಅರ್ಜಿ ಹಾಕಿದ್ದೆವು. ಗಂಡ ಹೆಂಡತಿ ನಿಜವಾಗಿ ಒಂದೇ ಮನೆಯಲ್ಲಿ ಬಾಳುತ್ತಿದ್ದಾರೆಯೇ ಎಂದು ಪೊಲೀಸರು ಕಣ್ಣಾರೆ ಕಂಡು ಬರೆಯಬೇಕು. ಬಾಳುತ್ತಿಲ್ಲ ಎಂದು ಬರೆದರೆ ಅರ್ಜಿ ಬಿದ್ದುಹೋಗುತ್ತದೆ. ಶ್ರಾವಣದಲ್ಲಿ ವೀಸಾ ಮುಗಿಯುತ್ತದೆ, ಅವಳು ವಿಮಾನ ಹತ್ತಬೇಕು. ಮತ್ತೆ ಬರಲು ಬಿಡುತ್ತಾರೋ ಇಲ್ಲವೋ ಹೇಳುವವರು ಯಾರೂ ಇಲ್ಲ.

ನಾನು ಮೊದಲ ಬಸ್ಸಿಗೆ ನ್ಯಾಮತಿ ಬಿಟ್ಟು, ಹೊನ್ನಾಳಿಯಲ್ಲಿ ಬಸ್ಸು ಬದಲಿಸಿ, ಮೂಲ ಪತ್ರಗಳ ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ಬಂದಿದ್ದೆ. ಮನೆಯೊಳಗೆ ಕಾಲಿಟ್ಟು, "ಎಲ್ಲಿ ಸೊಸೆ?" ಎಂದೆ.

"ತವರಿಗೆ ಕಳ್ಸೀನಿ ಅಕ್ಕಾ. ಆಷಾಢ ಬಂತಲ್ಲ," ಎಂದಳು ತಮ್ಮನ ಹೆಂಡತಿ. ಅವಳು ಅಕ್ಕಿ ಆರಿಸುತ್ತಿದ್ದಳು. ಮೊರದಿಂದ ತಲೆ ಎತ್ತಲಿಲ್ಲ.

"ಅವಳ ತವರು ಟಾಂಜಾನಿಯಾದಾಗೆ ಐತೆ."

"ಅದಕ್ಕೇ ನನ್ ತವರಿಗೆ ಕಳ್ಸೀನಿ. ಬಿಳಿಚೋಡಿಗೆ. ಮದುವೆ ಆದ ಮೊದಲ ಆಷಾಢ, ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರ್ದು. ಗಂಡ ಹೆಂಡತಿ ಒಂದೇ ಸೂರಿನಡಿ ಇರಬಾರ್ದು. ನಿಮಗೆ ಗೊತ್ತಿಲ್ದೇ ಇರೋದೇನು?"

ಗೊತ್ತಿತ್ತು. ಆದರೆ ಬಿಳಿಚೋಡು ಜಗಳೂರು ತಾಲ್ಲೂಕಿನಲ್ಲಿದೆ, ಜಿಲ್ಲೆಯ ಆ ತುದಿಗೆ. ಕೈಗೆ ಸಿಗುವ ದಾರಿಯಲ್ಲ. ನಾನು ಸೋದರಳಿಯನ ಕಡೆ ತಿರುಗಿದೆ. ಅವನು ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತ.

"ಯಾವಾಗ ಕಳಿಸಿದ್ರಿ?"

"ವಾರದ ಮೇಲಾತು ಅತ್ತೆ."

"ನಂಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಬೈತೀರಿ ಅಂತ."

"ಈಗ ಬೈಯೋದಿಲ್ಲ ಅಂದ್ಕೊಂಡ್ಯಾ?"

ಬೈದೆ. ಏನು ಬೈದೆ ಎಂದು ಇಲ್ಲಿ ಬರೆಯುವುದಿಲ್ಲ. ಮೂವತ್ತು ದಾಟಿದ ಗಂಡಸು, ಭೂಮಿಯ ಹೊಟ್ಟೆಗೆ ನೂರಾರು ಅಡಿ ಕಬ್ಬಿಣ ಇಳಿಸುವವನು, ತಾಯಿ ಬ್ಯಾಗು ತುಂಬಿ ಕೊಟ್ಟಾಗ ಅದನ್ನು ಗಾಡಿಗೆ ಹಾಕಿ ಹೆಂಡತಿಯನ್ನು ಬಿಟ್ಟುಬಂದಿದ್ದ. ಈಗ ಅವಳಿಗೆ ಫೋನ್ ಮಾಡು ಎಂದರೆ, ಎರಡು ದಿನದಿಂದ ಅವಳ ಫೋನು ಬಂದ್ ಆಗಿದೆ ಎಂದ.

ಈ ಅರ್ಜಿಯನ್ನು ವಕೀಲರಿಲ್ಲದೆ ಹಾಕಿದ್ದು ನನ್ನ ಹಟದಿಂದ. ಮೊದಲು ದಾವಣಗೆರೆಯ ಒಬ್ಬ ವಕೀಲರ ಬಳಿ ಹೋಗಿದ್ದೆವು. ತಮ್ಮನ ಹೆಂಡತಿಯ ಕಡೆಯ ನೆಂಟರು. ಅವರು ಸೊಸೆಯ ಮುಖವನ್ನೇ ನೋಡಲಿಲ್ಲ. ಅವಳು ಎದುರು ಕುಳಿತಿರುವಾಗಲೇ, "ಇವರು ಎಷ್ಟು ದಿನ ಇರ್ತಾರೆ ಅಂತ ಇಷ್ಟೆಲ್ಲ ತ್ರಾಸು ತಗಂತೀರಿ?" ಎಂದು ನನ್ನನ್ನು ಕೇಳಿದರು. ಪಾಸ್‌ಪೋರ್ಟನ್ನು ತಮ್ಮ ಆಫೀಸಿನಲ್ಲೇ ಬಿಟ್ಟುಹೋಗಿ ಎಂದರು. ಅದು ಆಗಲೇ ಅವರ ಮೇಜಿನ ಡ್ರಾಯರಿಗೆ ಅರ್ಧ ಇಳಿದಿತ್ತು. ನಾನು ಕೈ ಹಾಕಿ ತೆಗೆದುಕೊಂಡೆ. ಮೆಟ್ಟಿಲು ಇಳಿಯುವಾಗ ತಮ್ಮನ ಹೆಂಡತಿ, "ದೊಡ್ಡ ಮನುಷ್ಯರ ಮುಂದೆ ಹಿಂಗ ಮಾಡ್ತಾರೇನು? ಇನ್ನ ಯಾರು ಮಾಡಿಕೊಡ್ತಾರೆ?" ಎಂದಳು. ನಾನು ಮಾಡುತ್ತೇನೆ ಎಂದೆ.

ಮಾಡಿದೆ. ರೋಗಿಯ ಕೇಸ್ ಪೇಪರ್ ಜೋಡಿಸಿದ ಕೈಗೆ ಇದೇನು ಹೊಸದಲ್ಲ. ಕೇಳಿದ್ದನ್ನು ಕೇಳಿದ ಕ್ರಮದಲ್ಲಿ ಕೊಡಬೇಕು, ಕೇಳದ್ದನ್ನು ಕೊಡಬಾರದು. ಗಂಡ ಹೆಂಡತಿ ಇಬ್ಬರ ಸಹಿಯ ಕೋರಿಕೆ, ಮದುವೆಯ ಪ್ರಮಾಣಪತ್ರ, ಮನೆಯ ಕರೆಂಟ್ ಬಿಲ್, ಪಾಸ್‌ಪೋರ್ಟಿನ ಪುಟಗಳು. ಹೊನ್ನಾಳಿಯ ಕಂಪ್ಯೂಟರ್ ಸೆಂಟರಿನಲ್ಲಿ ಕುಳಿತು ಎಲ್ಲವನ್ನೂ ಸ್ಕ್ಯಾನ್ ಮಾಡಿಸಿದೆ. ಕಡತ ದೊಡ್ಡದಾಯಿತು ಎಂದು ಕಂಪ್ಯೂಟರು ವಾಪಸ್ ತಳ್ಳಿದಾಗಲೆಲ್ಲ ಸೆಂಟರಿನವನು, "ನಾಳೆ ಬರ್ರಿ ಅಮ್ಮ" ಎನ್ನುತ್ತಿದ್ದ. ನಾನು ಏಳುತ್ತಿರಲಿಲ್ಲ.

ಜಗಳವಾದದ್ದು ಫೋಟೋ ಸ್ಟುಡಿಯೋದಲ್ಲಿ. ಬಿಳಿ ಪರದೆಯ ಮುಂದೆ ಸೊಸೆಯನ್ನು ಕೂರಿಸಿ ಫೋಟೋ ತೆಗೆಸಿದೆ. ಸಂಜೆ ಹೋದರೆ ಅವನು ಕೊಟ್ಟ ಫೋಟೋದಲ್ಲಿ ಬೇರೆ ಯಾರೋ ಇದ್ದರು. ಗೋಧಿ ಬಣ್ಣದ, ತುಟಿ ಕೆಂಪಗಿನ ಒಬ್ಬ ಹೆಂಗಸು.

"ಇದು ಯಾರು?"

"ಅವರೇ ಅಮ್ಮ. ಸ್ವಲ್ಪ ಬೆಳ್ಳಗೆ ಮಾಡೀನಿ. ಎಲ್ರಿಗೂ ಮಾಡಿಕೊಡ್ತೀವಿ, ಅದಕ್ಕೇನು ಬೇರೆ ತಗಳಲ್ಲ."

"ನಾನು ಕೊಟ್ಟ ಮುಖಾನೇ ನಂಗೆ ವಾಪಸ್ ಕೊಡು," ಎಂದೆ. ಅವನಿಗೆ ನನ್ನ ಸಿಟ್ಟು ಅರ್ಥವೇ ಆಗಲಿಲ್ಲ. ಸೊಸೆ ಮಾತ್ರ ಆ ಬಿಳಿ ಹೆಂಗಸಿನ ಫೋಟೋ ಒಂದನ್ನು ಎತ್ತಿಕೊಂಡು, ಗಂಡನಿಗೆ ತೋರಿಸಿ ಹೆದರಿಸುತ್ತೇನೆ ಎಂದು ಪರ್ಸಿನಲ್ಲಿ ಇಟ್ಟುಕೊಂಡಳು. ಅವಳನ್ನು ನಾನು ತೀರಾ ಮೆಚ್ಚಿಕೊಂಡವಳಲ್ಲ. ತೆಗೆದ ಪಾತ್ರೆಯನ್ನು ತೆಗೆದ ಜಾಗಕ್ಕೆ ಇಡುವುದಿಲ್ಲ. ಬೆಳಿಗ್ಗೆ ಏಳುವುದು ತಡ. ಆದರೆ ಅರ್ಜಿ ನನ್ನದು. ಕೈಗೆತ್ತಿಕೊಂಡದ್ದನ್ನು ಅರ್ಧಕ್ಕೆ ಬಿಟ್ಟು ಡ್ಯೂಟಿ ಇಳಿಯುವುದು ನನಗೆ ಬಾರದು.

ಸರಿಯಾಗಿ ಹನ್ನೊಂದಕ್ಕೆ ದಫೇದಾರರು ಬೈಕಿನಲ್ಲಿ ಬಂದರು. ಹೆಲ್ಮೆಟ್ಟನ್ನು ಕಟ್ಟೆಯ ಮೇಲಿಟ್ಟು, ಕೊಟ್ಟ ನೀರನ್ನು ಪೂರ್ತಿ ಕುಡಿದು, ಹಾಳೆ ಬಿಚ್ಚಿದರು.

"ಆಯಮ್ಮ ಎಲ್ಲಿ? ಕರೀರಿ."

ನಾನು ಬಾಯಿ ತೆರೆಯುವ ಮೊದಲೇ ತಮ್ಮನ ಹೆಂಡತಿ ಹೆಮ್ಮೆಯಿಂದ, "ತವರಿಗೆ ಹೋಗ್ಯಾಳ್ರಿ ಸಾಹೇಬ್ರೆ," ಎಂದಳು.

"ತವರಿಗೆ ಅಂದ್ರೆ? ಆಫ್ರಿಕಾಕ್ಕಾ? ದೇಶ ಬಿಟ್ಟು ಹೋಗ್ಯಾಳೆ ಅಂತ ಬರಕೊಳ್ಳಾ?"

"ಇಲ್ರಿ. ಬಿಳಿಚೋಡಿಗೆ."

"ಬಿಳಿಚೋಡು ಯಾವಾಗಿಂದ ಆಫ್ರಿಕಾ ಆತು?"

ನಾನು ಆಷಾಢದ ವಿಷಯ ಹೇಳಿದೆ. ದಫೇದಾರರು ತಲೆ ಆಡಿಸಿದರು. "ನಮ್ಮನ್ಯಾಗೂ ಮಾಡ್ತಾರೆ ಅಮ್ಮ, ನಂಗೆ ತಿಳೀತದೆ. ಆದ್ರೆ ಈ ಹಾಳ್ಯಾಗೆ ಆಷಾಢ ಅಂತ ಒಂದು ಖಾನೆ ಇಲ್ಲ. ಜೊತೆಗೆ ವಾಸ ಅದಾರೋ ಇಲ್ಲೋ, ಅಷ್ಟೇ."

ಅಷ್ಟರಲ್ಲಿ ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ತಲೆ ಹಾಕಿದಳು. ಯಾರೂ ಕೇಳಿರಲಿಲ್ಲ. "ಆಯಮ್ಮನ್ನ ಕಳಿಸಿಬಿಟ್ರಲ್ಲ ಸಾರ್. ಬ್ಯಾಗ್ ಸಮೇತ. ಅಳ್ತಾ ಹೋದ್ಲು."

ದಫೇದಾರರು ಪೆನ್ನಿನ ಮುಚ್ಚಳ ತೆಗೆದರು.

"ಫೋನ್‌ನಾಗೆ ತೋರಿಸ್ತೀವಿ ಸಾರ್, ವಿಡಿಯೋದಾಗೆ," ಎಂದ ಸೋದರಳಿಯ, ಆ ಫೋನು ಬಂದ್ ಆಗಿದೆ ಎಂಬುದನ್ನು ಮರೆತು.

"ಫೋನ್‌ನಾಗೆ ಸಂಸಾರ ಮಾಡ್ತಾರೇನಪ್ಪ?" ದಫೇದಾರರು ನನ್ನ ಕಡೆ ತಿರುಗಿದರು. "ನೋಡ್ರಿ ಅಮ್ಮ, ನಾಳೆ ಬೆಳಿಗ್ಗೆ ಇದು ದಾವಣಗೆರೆಗೆ ಹೋಗ್ಬೇಕು. ಸಂಜೆ ಏಳಕ್ಕೆ ನಾನು ಈ ಕಡೆ ಇನ್ನೊಂದ್ಸಲ ಬರ್ತೀನಿ. ಆಗ್ಲೂ ಇಲ್ಲ ಅಂದ್ರೆ, ಇಲ್ಲ ಅಂತ ಬರೀತೀನಿ. ಇಂಥದ್ಕೆಲ್ಲ ಒಬ್ರು ವಕೀಲರನ್ನ ಇಟ್ಕಬೇಕು."

"ನಾನೂ ಅದನ್ನೇ ಬಡ್ಕಂಡೆ ಸಾಹೇಬ್ರೆ!" ಎಂದಳು ತಮ್ಮನ ಹೆಂಡತಿ.

ಬೈಕು ಹೋದ ಮೇಲೆ ನಾನು ಮಾತಿಗೆ ಸಮಯ ಕೊಡಲಿಲ್ಲ. ಗಾಡಿ ತೆಗೆ ಎಂದು ಸೋದರಳಿಯನಿಗೆ ಹೇಳಿದೆ. ಬೋರ್‌ವೆಲ್ಲಿನಿಂದ ಕೆಟ್ಟ ಮೋಟಾರ್ ಮೇಲೆತ್ತುವ ಸಣ್ಣ ಗೂಡ್ಸ್ ಗಾಡಿ ಅವನದು. ಅವನು ಬೀಗದ ಕೈ ತೆಗೆದುಕೊಂಡ. ತಮ್ಮನ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು.

"ಆಷಾಢ ಮುಗಿಯೋ ತನಕ ಅವಳು ಈ ಹೊಸಿಲು ದಾಟಂಗಿಲ್ಲ. ದಾಟಿದ್ರೆ ನಂಗೋ ನನ್ ಮಗನಿಗೋ ಏನಾದ್ರೂ ಆತು ಅಂದ್ರೆ ಯಾರು ಹೊಣೆ? ಈ ಮನ್ಯಾಗೆ ಒಂದು ಸಾವು ಆಗಿದ್ದು ಸಾಕಾಗಿಲ್ವಾ ನಿಮಗೆ?"

ಆ ಸಾವು ನನ್ನ ತಮ್ಮನದು. ಅದನ್ನು ಅವಳು ಎಲ್ಲಿ ಬೇಕಾದರೂ ತೆಗೆದು ಬಳಸುತ್ತಾಳೆ. ನಿಯಮವನ್ನು ಮುರಿಯಲು ಬಾರದಿದ್ದರೆ ನಿಯಮ ಏನು ಹೇಳುತ್ತದೆ ಎಂದು ಪೂರ್ತಿ ಓದಬೇಕು. ವಾರ್ಡಿನಲ್ಲಿ ನಾನು ಕಲಿತದ್ದು ಅದನ್ನೇ.

"ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರ್ದು. ಅಷ್ಟೇ ತಾನೆ?"

"ಹ್ಞೂಂ."

"ಸೊಸೇನೇ ಹೋಗ್ಬೇಕು ಅಂತ ಎಲ್ಲಿ ಐತೆ? ಅವಳಿಗೆ ಇಲ್ಲಿ ತವರಿಲ್ಲ. ನಿಂಗೆ ಐತೆ. ನೀನು ಹೋಗು."

ಅವಳ ಬಾಯಿಂದ ಏನೇನು ಬಂತೋ! ಅರವತ್ತು ಹತ್ತಿರ ಬಂದ ಮೇಲೆ ಆಷಾಢಕ್ಕೆ ತವರಿಗೆ ಹೋಗುವುದೇ, ಊರವರು ನಗುವುದಿಲ್ಲವೇ, ಹೊಸ ಮದುಮಗಳೇ ತಾನು, ಗಂಡನಿಲ್ಲದ ಮನೆಯಿಂದ ನಾದಿನಿ ಹೊರಗೆ ಹಾಕಿದಳು ಎಂದು ಜನ ಆಡಿಕೊಳ್ಳುವುದಿಲ್ಲವೇ. ಆಡಿಕೊಳ್ಳಲಿ ಎಂದೆ. ಸೋದರಳಿಯ ಮೊದಲ ಸಲ ತಾಯಿಯ ಎದುರು ಬಾಯಿ ಬಿಟ್ಟ.

"ಅವ್ವಾ, ಅವಳು ಹೋದ್ರೆ ನಾನೂ ಅವಳ ಹಿಂದೇನೇ ಹೋಗ್ತೀನಿ. ಅಲ್ಲಿ ಬೋರ್ ಕೆಲಸ ಇನ್ನೂ ಐತೆ. ಆಮೇಲೆ ಹೊಸಿಲು ದಾಟಾಕೆ ಯಾರೂ ಇರಂಗಿಲ್ಲ ಇಲ್ಲಿ."

ತಮ್ಮನ ಹೆಂಡತಿ ಅವನ ಮುಖ ನೋಡಿದಳು. ಒಳಗೆ ಹೋದಳು. ಎರಡು ಸೀರೆ, ಮಾತ್ರೆಯ ಡಬ್ಬಿ ಒಂದು ಕೈಚೀಲಕ್ಕೆ ಹಾಕಿಕೊಂಡು ಬಂದು ನನ್ನ ಮುಂದೆ ನಿಂತಳು. "ಒಂದು ಕರಾರು. ನೀವು ಇಲ್ಲೇ ಇರಬೇಕು, ಆಷಾಢ ಮುಗಿಯೋ ತನಕ. ಅವರಿಬ್ರೂ ಬೇರೆ ಬೇರೆ ಮಲಗ್ಬೇಕು. ನೀವು ನಡುಮನ್ಯಾಗೆ, ನಡುವೆ. ಈ ತಿಂಗಳು ಬಸುರಾದ್ರೆ ಹೆರಿಗೆ ಚೈತ್ರದ ಬಿಸಿಲಿಗೆ ಬರ್ತದೆ. ದೀಪ ತಪ್ಪಬಾರ್ದು. ಹಾಲಿಗೆ ಹೆಪ್ಪು ತಪ್ಪಬಾರ್ದು."

ಚೈತ್ರದಲ್ಲಿ ಹುಟ್ಟಿದ ಎಷ್ಟೋ ಮಕ್ಕಳನ್ನು ಈ ಕೈಯಿಂದಲೇ ಎತ್ತಿದ್ದೇನೆ. ಆಷಾಢದಲ್ಲಿ ಹುಟ್ಟಿದವೂ ಹಾಗೇ ಕಿರುಚುತ್ತವೆ. ಅದನ್ನು ಹೇಳುವ ಹೊತ್ತು ಅದಲ್ಲ. ಆಯಿತು ಎಂದೆ.

ಆ ಗಾಡಿಯ ಮುಂದಿನ ಸೀಟು ಇಬ್ಬರಿಗೆ. ನಾವು ಮೂವರು ಕುಳಿತೆವು. ದಾವಣಗೆರೆ ದಾಟುವವರೆಗೆ ತಮ್ಮನ ಹೆಂಡತಿಯ ಮೊಣಕೈ ನನ್ನ ಪಕ್ಕೆಯಲ್ಲಿತ್ತು. ಹಿಂದೆ ಕಬ್ಬಿಣದ ಸರಪಳಿಗಳು ಪ್ರತಿ ಗುಂಡಿಗೂ ಸದ್ದು ಮಾಡುತ್ತಿದ್ದವು. ಅವಳು ಒಂದೇ ಒಂದು ಸಲ, ಕಿಟಕಿಯ ಕಡೆ ನೋಡುತ್ತ, "ನನ್ ತವರನ್ನೇ ಅವಳಿಗೆ ಕೊಟ್ಟಿದ್ದೆ. ಅದನ್ಯಾರೂ ಹೇಳಂಗಿಲ್ಲ," ಎಂದಳು. ನಾನೂ ಹೇಳಲಿಲ್ಲ.

ಬಿಳಿಚೋಡು ಮುಟ್ಟಿದಾಗ ಹೊತ್ತು ಮಧ್ಯಾಹ್ನ ಮೀರಿತ್ತು. ತವರುಮನೆಯಲ್ಲಿ ಈಗ ಇರುವುದು ತಮ್ಮನ ಹೆಂಡತಿಯ ಅಕ್ಕ. ಕುರಿ ಸಾಕಣೆಯ ಮನೆ. ತಮ್ಮನ ಹೆಂಡತಿ ಗಾಡಿಯಿಂದ ಇಳಿದು ಬೇವಿನ ಮರದ ಕೆಳಗೆ ನಿಂತಳು. ಅಕ್ಕ ಹೊರಗೆ ಬಂದು, "ಒಳಗೆ ಬಾರೆ," ಎಂದರೆ, "ಅವಳು ಒಳಗಿರೋ ತನಕ ನಾ ಹೆಂಗ ಬರ್ಲಿ?" ಎಂದಳು. ಅಲ್ಲಿಗೂ ಅದೇ ಹೊಸಿಲಿನ ಲೆಕ್ಕ.

ನಾನು ಒಳಗೆ ಹೋದೆ. ಸೊಸೆ ಹಿತ್ತಲಿನಲ್ಲಿ ಕುರಿಮರಿಗಳಿಗೆ ನೀರು ಹೊಯ್ಯುತ್ತಿದ್ದಳು. ಹಳೆಯ ನೂಲಿನ ಸೀರೆ, ಸೊಂಟಕ್ಕೆ ಎಲೆಅಡಿಕೆಯ ಸಂಚಿ. ನನ್ನನ್ನು ಕಂಡು ಬಕೆಟ್ ಕೆಳಗಿಟ್ಟಳೇ ಹೊರತು ಹತ್ತಿರ ಬರಲಿಲ್ಲ.

"ದೊಡ್ಡತ್ತೆ, ನಾನು ಏನು ತಪ್ಪು ಮಾಡಿದೆ?"

ಅವಳ ಕನ್ನಡ ಚನ್ನಗಿರಿಯ ಮನೆಯಲ್ಲೇ ಕಲಿತದ್ದು. ನಿಂತು ನಿಂತು ಬರುತ್ತದೆ, ಆದರೆ ತಪ್ಪು ಎಂಬ ಮಾತು ಚೆನ್ನಾಗಿ ಬರುತ್ತದೆ.

"ಏನೂ ಇಲ್ಲ. ಹೊರಡು. ಪೊಲೀಸ್ ಬರ್ತಾರೆ, ನೀನು ಚನ್ನಗಿರಿಯಾಗೆ ಇರಬೇಕು."

"ಪೊಲೀಸ್‌ಗೆ ಬೇಕಾದ್ರೆ ಮಾತ್ರ ನಾನು ಮನೆ ಒಳಗೆ. ಬೇಡ ಆದ್ರೆ ಬ್ಯಾಗ್." ಅವಳು ಸಂಚಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಅದರಲ್ಲಿ ಪಾಸ್‌ಪೋರ್ಟ್ ಇತ್ತು. "ನಮ್ಮೂರಲ್ಲಿ ಗಂಡನ ಅಮ್ಮ ಬ್ಯಾಗ್ ತುಂಬಿದ್ರೆ, ಮುಗೀತು ಅಂತ. ಅವನು ಹೇಳ್ತಾನೆ ಪದ್ಧತಿ, ಪದ್ಧತಿ. ಯಾವ ಪದ್ಧತಿ? ಕಾಗದ ಬರೋ ಮುಂಚೆ ಕಳಿಸೋ ಪದ್ಧತಿನಾ?"

ಆಗ ನನಗೆ ತಿಳಿಯಿತು, ಇವಳಿಗೆ ಆಷಾಢ ಎಂದರೇನು ಎಂದು ಯಾರೂ ಕೂರಿಸಿ ಹೇಳಿಲ್ಲ. ಅರ್ಜಿಯ ಒಂದೊಂದು ಸಾಲನ್ನೂ ನಾನು ಅವಳಿಗೆ ಓದಿ ಹೇಳಿದ್ದೆ. ಮನೆಯ ಒಂದು ಸಾಲನ್ನು ಮನೆಯವರು ಹೇಳಿರಲಿಲ್ಲ. ಕುರಿಗಳ ನಡುವೆ ನಿಂತು ನಾನು ಹೇಳಿದೆ: ಇಲ್ಲಿ ಹುಟ್ಟಿದ ಸೊಸೆಯಂದಿರನ್ನೂ ಹೀಗೇ ಕಳಿಸುತ್ತಾರೆ, ತಿಂಗಳಾದ ಮೇಲೆ ಗಂಡನೇ ಹೋಗಿ ಕರೆತರುತ್ತಾನೆ, ಬ್ಯಾಗು ತುಂಬುವುದು ವಾಪಸ್ ಬರಲಿ ಎಂದೇ. ಅವಳು ಕೇಳಿಸಿಕೊಂಡಳು. ನಂಬಲಿಲ್ಲ.

"ಹಾಗಾದ್ರೆ ಅತ್ತೆ ಬಂದು ಕರೀಲಿ. ಅವರು ಕಳಿಸಿದ್ರು."

"ಅವಳು ಒಳಗೆ ಬರಂಗಿಲ್ಲ."

"ಹೊರಗಿಂದ ಕರೀಲಿ."

ನಾನು ಹೊರಗೆ ಹೋಗಿ ಹೇಳಿದೆ. ತಮ್ಮನ ಹೆಂಡತಿ, "ಅವಳ ಕಾಲಿಗೆ ಬೀಳ್ಲಾ?" ಎಂದಳು. ನಾನು ಒಳಗೆ ಹೋಗಿ, "ಬರ್ತಾಳೆ, ಸ್ವಲ್ಪ ಇರು," ಎಂದೆ. ಮತ್ತೆ ಹೊರಗೆ. ನನ್ನ ಮಂಡಿಗೆ ಆ ಹೊಸಿಲು ಸ್ವಲ್ಪ ಎತ್ತರ. ಎದುರು ಮನೆಯ ಕಟ್ಟೆಯ ಮೇಲೆ ಜನ ಸೇರುತ್ತಿದ್ದರು. ಸೋದರಳಿಯ ಒಳಗೆ ಹೊರಟ. ನಾನು ಕೈ ಅಡ್ಡ ಹಿಡಿದೆ. ಅವಳು ಕೇಳಿದ್ದು ಅವನನ್ನಲ್ಲ.

"ಹೊತ್ತಾಗ್ತೈತೆ," ಎಂದೆ ತಮ್ಮನ ಹೆಂಡತಿಗೆ. "ನಿನ್ ಮಗ ಬೇಕಾದ್ರೆ ಕರಿ. ಬ್ಯಾಡ ಅಂದ್ರೆ ಬಿಡು, ನಾನು ನ್ಯಾಮತಿ ಬಸ್ ಹಿಡೀತೀನಿ."

ಬೇವಿನ ಮರದ ಕೆಳಗಿನಿಂದ ಅವಳು ಒಂದು ಸಲ ಆ ಕಟ್ಟೆಯ ಜನರನ್ನು ನೋಡಿದಳು. ಹುಟ್ಟಿದ ಊರು. ಎಲ್ಲರೂ ಬಲ್ಲವರು. ಸೆರಗನ್ನು ತಲೆಗೆ ಎಳೆದುಕೊಂಡು, ಗಂಟಲು ಸರಿಮಾಡಿಕೊಂಡು, ಕುರಿ ಕರೆಯುವಷ್ಟು ದೊಡ್ಡ ದನಿಯಲ್ಲಿ ಕೂಗಿದಳು.

"ಬಾರೆ! ಬಾರೆ ಹೊರಗೆ! ನಿಂಗೆ ಬ್ಯಾಗ್ ತುಂಬಿದ್ದು ಓಡ್ಸಾಕಲ್ಲ. ನನ್ನವ್ವ ನಂಗೆ ಉಣ್ಣಾಕೆ ಇಕ್ಕಿದ ಮನಿಗೇ ಕಳ್ಸೀನಿ ನಿನ್ನ. ಇನ್ನೇನ್ ಮಾಡ್ಲಿ? ಮನೆ ನಿಂದೇ ಐತೆ, ಹೋಗು! ನಾನೇ ಇಲ್ಲಿರ್ತೀನಿ!"

ಆಮೇಲೆ ಸೊಸೆ ಬಾಗಿಲಿಗೆ ಬಂದಳು, ಕೈಯಲ್ಲಿ ಅದೇ ಬ್ಯಾಗು. ಹೊಸಿಲು ದಾಟಿ ಅಂಗಳಕ್ಕೆ ಇಳಿದಳು. ತಮ್ಮನ ಹೆಂಡತಿ ಅವಳು ಪೂರ್ತಿ ಇಳಿಯುವವರೆಗೆ ಕಾದು, ಪಕ್ಕದಿಂದ ಸರಿದು, ಬಲಗಾಲಿಟ್ಟು ಒಳಗೆ ಹೋದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಒಳಗಿನಿಂದ ಅವಳ ಅಕ್ಕ, "ಒಳ್ಳೆ ಕೈ ಅವಳ್ದು, ಮರಿಗಳು ಅವಳ ಹಿಂದೇನೇ ತಿರುಗ್ತಿದ್ವು, ನೀನು ಬಂದು ಏನ್ ಉಪಯೋಗ?" ಎನ್ನುವುದು ಕೇಳಿಸಿತು.

ವಾಪಸು ಬರುವಾಗಲೂ ಮೂವರೇ, ಆದರೂ ಸೀಟು ಅಗಲವಾದಂತಿತ್ತು. ಸೊಸೆ ಗಂಡನಿಗೆ ತನ್ನ ಭಾಷೆಯಲ್ಲಿ ಅಣಜಿ ಊರು ದಾಟುವವರೆಗೂ ಬೈದಳು. ಒಂದು ಅಕ್ಷರವೂ ತಿಳಿಯದಿದ್ದರೂ ನನಗೆ ತಕರಾರಿರಲಿಲ್ಲ. ನಾನು ಬೆಳಿಗ್ಗೆ ಬಿಟ್ಟದ್ದನ್ನು ಅವಳು ಪೂರೈಸುತ್ತಿದ್ದಳು ಅನ್ನಿಸಿತು.

ಏಳಕ್ಕೆ ದಫೇದಾರರು ಬಂದಾಗ ದೀಪ ಹಚ್ಚಿ ಆಗಿತ್ತು. ಗಂಡ ಹೆಂಡತಿಯನ್ನು ಬೇರೆ ಬೇರೆ ಕೂರಿಸಿ ಕೇಳಿದರು. ಸೊಸೆಯ ಸರದಿಯಲ್ಲಿ ನನ್ನನ್ನು ಬಾಗಿಲ ಹತ್ತಿರ ನಿಲ್ಲಲು ಬಿಟ್ಟರು.

"ಗಂಡ ಹೆಂಗಮ್ಮ? ಏನಾದ್ರೂ ತೊಂದರೆ?"

"ಬೂಟ್ ಒಳಗೆ ತರ್ತಾನೆ. ಅತ್ತೆ ನಂಗೆ ಬೈತಾರೆ."

"ಬೆಳಿಗ್ಗೆ ಯಾಕೆ ಇರ್ಲಿಲ್ಲ?"

"ಆಷಾಢ," ಎಂದಳು. "ನಂಗೆ ಇವತ್ತು ಗೊತ್ತಾಯ್ತು."

"ಅತ್ತೆ ಎಲ್ಲಿ?"

"ತವರಿಗೆ ಹೋಗ್ಯಾರೆ."

ದಫೇದಾರರ ಪೆನ್ನು ನಿಂತಿತು. ನನ್ನ ಕಡೆ ನೋಡಿದರು. ನಾನು ನೋಟ ತಪ್ಪಿಸಲಿಲ್ಲ. ಅವರು ಮೀಸೆಯ ಅಡಿ ಏನೋ ಅಂದುಕೊಂಡು ಮುಂದೆ ಬರೆದರು. ಪಕ್ಕದ ಮನೆಯಾಕೆಯನ್ನು ಸಾಕ್ಷಿಗೆ ಕರೆದರು. ಅವಳು ಕಾಂಪೌಂಡಿನ ಮೇಲಿಂದ ಸೊಸೆಯನ್ನು ಎರಡೆರಡು ಸಲ ನೋಡಿ, "ಅದಾಳಲ್ಲ ಸಾರ್, ಇಲ್ಲೇ ಅದಾಳೆ," ಎಂದು ತಾನೇ ಬಚ್ಚಿಟ್ಟಿದ್ದನ್ನು ತೋರಿಸುವವಳಂತೆ ಹೇಳಿ ಸಹಿ ಹಾಕಿದಳು.

ನನ್ನ ಸಹಿಗೆ ಮೊದಲು ಓದಬೇಕು ಎಂದೆ. ಬೆಳಿಗ್ಗೆ ಹೆಂಡತಿ ಮನೆಯಲ್ಲಿ ಇರಲಿಲ್ಲ ಎಂದೂ ಬರೆದಿದ್ದರು.

"ಇದು ಯಾಕೆ ಬೇಕಿತ್ತು?"

"ಕಂಡೀನಿ, ಬರ್ದೀನಿ. ಕೆಳಗೆ ಓದ್ರಿ."

ಕೆಳಗೆ, ಬಂಧುಗಳ ಮನೆಗೆ ಹೋಗಿದ್ದು ಅದೇ ದಿನ ಮರಳಿರುತ್ತಾರೆ. ಗಂಡ ಹೆಂಡತಿ ಸದರಿ ವಿಳಾಸದಲ್ಲಿ ಒಟ್ಟಿಗೆ ವಾಸವಾಗಿರುವುದು ಕಂಡುಬಂದಿರುತ್ತದೆ ಎಂದಿತ್ತು. ಕಂಡದ್ದನ್ನು ಬರೆಯಬೇಡ ಎಂದು ಹೇಳುವ ಬಾಯಿ ನನಗೆ ಇಲ್ಲ. ಸಹಿ ಹಾಕಿದೆ.

"ಮುಂದಿನ ಸಲ ವಕೀಲರನ್ನ ಹಿಡೀರಿ ಅಮ್ಮ," ಎಂದರು ಹೆಲ್ಮೆಟ್ ಹಾಕಿಕೊಳ್ಳುತ್ತ.

"ವಕೀಲರು ಅವಳ ಅತ್ತೇನ ತವರಿಗೆ ಕಳಿಸ್ತಿದ್ರೇನು?"

ಅವರು ಬೈಕು ಹತ್ತಿದರು.

ಊಟವಾದ ಮೇಲೆ ತಮ್ಮನ ಹೆಂಡತಿಯ ಫೋನು ಬಂತು. ವರದಿ ಏನಾಯಿತು ಎಂದು ಕೇಳಲಿಲ್ಲ. ಕೇಳಿದರೆ ತಾನು ಸೋತಂತೆ ಎಂದು ಅವಳ ಲೆಕ್ಕ. ನಾನಾಗಿಯೇ, "ಒಟ್ಟಿಗೆ ಅದಾರೆ ಅಂತ ಬರೆದುಕೊಂಡು ಹೋದ್ರು," ಎಂದೆ.

"ಹೆಪ್ಪು ಹಾಕಿದ್ರೇನು?"

"ಹಾಕ್ತೀವಿ."

"ಅವಳ ಕೈಲಿ ಹಾಕಿಸ್ರಿ. ಕಲೀಲಿ. ಹಾಲು ಉಗುರು ಬೆಚ್ಚಗೆ ಇರಬೇಕು. ನೀವೆಲ್ಲಿ ಮಲಗ್ತೀರಿ?"

"ಎಲ್ಲಿ ಮಲಗ್ಬೇಕೋ ಅಲ್ಲಿ," ಎಂದು ಫೋನಿಟ್ಟೆ.

ಸೊಸೆ ಹಾಲಿಗೆ ಬೆರಳು ಅದ್ದಿ ನೋಡಿ, ಮಜ್ಜಿಗೆ ಬೆರೆಸಿ, ಪಾತ್ರೆಯನ್ನು ಮುಚ್ಚಿ, ಚಮಚವನ್ನು ಒಲೆಯ ಪಕ್ಕದಲ್ಲೇ ಬಿಟ್ಟಳು. ನಾನು ಅದನ್ನು ತೊಳೆದು ಅದರ ಜಾಗಕ್ಕೆ ಇಟ್ಟೆ. ಪತ್ರಗಳ ಚೀಲವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಸೋದರಳಿಯ ನಡುಮನೆಯಲ್ಲಿ ನನಗೆ ಚಾಪೆ ಹಾಸಿ, ತಲೆದಿಂಬು ಇಟ್ಟು, ಮೂಲೆಯಲ್ಲಿ ತನಗೊಂದು ಹಾಸಿಕೊಳ್ಳುತ್ತಿದ್ದ. ನಾನು ನನ್ನ ಚಾಪೆಯನ್ನು ಸುರುಳಿ ಸುತ್ತಿಕೊಂಡು, ತಮ್ಮನ ಹೆಂಡತಿಯ ಕೋಣೆಗೆ ಹೋಗಿ, ಒಳಗಿನಿಂದ ಚಿಲಕ ಹಾಕಿದೆ.